ಅಪ್‌ಡೇಟ್: ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಬಂದೆವು

ಮಂಡಿನೋವಿನ ಅತ್ತೆ ಮತ್ತು ಮಕ್ಕಳೊಂದಿಗೆ ಆಮ್‌ಸ್ಟರ್‌ಡ್ಯಾಮ್ ನಗರವನ್ನು ಆತುರವಿಲ್ಲದೆ ನೋಡುವುದು ಹೇಗೆ ಎಂದು ಮಡಿಕೇರಿಯಿಂದ ಕೇಳಿದ್ದೆ. ದಿನಕ್ಕೊಂದೇ ಜಾಗ ಸಾಕು ಎಂದವರಿಗೆ ಕೃತಜ್ಞತೆ. ಬೆಳಿಗ್ಗೆ ಯೋರ್ಡಾನ್ ಬಡಾವಣೆಯ ಕಾಲುವೆ ದಂಡೆ, ಮಧ್ಯಾಹ್ನ ನಿದ್ದೆ, ಸಂಜೆ ವೊಂಡಲ್ ಪಾರ್ಕ್, ಅಷ್ಟೇ.

ಎಲ್ಲರಿಗೂ ಹಿಡಿಸಿದ್ದು ಸೆಂಟ್ರಲ್ ರೈಲು ನಿಲ್ದಾಣದ ಹಿಂಬದಿಯ ಫೆರಿ. ಟಿಕೆಟ್ಟೇ ಇಲ್ಲ, ಪುಕ್ಕಟೆ! ದುಬಾರೆಯಲ್ಲಿ ದೋಣಿ ಹತ್ತಲು ಹೆದರುವ ಅತ್ತೆ, ಇಲ್ಲಿ ಸೈಕಲ್ ಸವಾರರ ನಡುವೆ ಸೆರಗು ಬಿಗಿದು, ಕಂಬಿ ಹಿಡಿದು ನಿಂತರು. ಆಚೆ ದಡ ಮುಟ್ಟಿದ ಕೂಡಲೇ "ಇನ್ನೊಂದು ಸಲ" ಎಂದರು.

ನಾಜಿಗಳಿಂದ ಅಡಗಿ ಡೈರಿ ಬರೆದ ಬಾಲಕಿ ಆನ್ ಫ್ರಾಂಕ್ ಮನೆಯ (ಈಗ ಮ್ಯೂಸಿಯಂ) ಟಿಕೆಟ್ ಆನ್‌ಲೈನ್‌ನಲ್ಲಷ್ಟೇ. ಪ್ರತಿ ಮಂಗಳವಾರ, 6 ವಾರ ಮುಂಚಿತವಾಗಿ ಬಿಡುತ್ತಾರೆ. ಕೆಂಪು ಹಾದಿ ಸೈಕಲ್‌ಗಳದ್ದು, ಮಕ್ಕಳ ಕೈ ಬಿಡಬೇಡಿ. ಮಳೆ? ಕೊಡಗಿನವರಿಗೆ ಅದೂ ಒಂದು ಮಳೆಯೇ!