ಲೇಟೆನ್ಸಿ ‘ಸುಪ್ತತೆ’ಯೆ? ಜಿಟರ್ ‘ನಡುಕ’ವೆ?

ಪ್ರಶ್ನೆ, ಶಿರಸಿಯಿಂದ:

ಸಹಕಾರಿ ಸಂಘದ ಶಾಖೆಗಳಲ್ಲಿ ವಿಡಿಯೊ ಸಭೆ ಜೋಡಿಸುವ ಸಿಬ್ಬಂದಿಗೆಂದು ಕನ್ನಡದಲ್ಲಿ ಕಿರು ಕೈಪಿಡಿಯೊಂದು ತಯಾರಾಗುತ್ತಿದೆ. ಆಧಾರಕ್ಕೆ ಸಿಕ್ಕಿದ ಪದಪಟ್ಟಿಯಲ್ಲಿ ಲೇಟೆನ್ಸಿಗೆ ‘ಸುಪ್ತತೆ’, ಜಿಟರ್‌ಗೆ ‘ನಡುಕ’, ಬಫರ್‌ಗೆ ‘ಮಧ್ಯಸ್ಥ ಸ್ಮೃತಿ’ ಎಂದಿದೆ. ಗೇಟ್‌ವೇ ‘ದ್ವಾರ’, ಗೇಟ್‌ಕೀಪರ್ ‘ದ್ವಾರಪಾಲಕ’. ಸಿಬ್ಬಂದಿಯ ಬಾಯಲ್ಲಿ ಇರುವುದು ಎರಡೇ ಮಾತು: ‘ನೆಟ್ ಸ್ಲೋ’ ಮತ್ತು ‘ಕಟ್ ಕಟ್ ಆಗ್ತು’. ತೊಂದರೆ ಯಾವುದೆಂದು ಫೋನಿನಲ್ಲಿ ಬಿಡಿಸಿ ಹೇಳುವುದಕ್ಕೆ ಅಷ್ಟು ಸಾಲದು. ಹಾಗೆಂದು ‘ನಡುಕ’ ಎಂದು ಬರೆದರೆ, ಓದಿದವರು ಚಿತ್ರ ಅಲುಗಾಡುತ್ತಿದೆ ಎಂದುಕೊಂಡು ಕ್ಯಾಮೆರಾ ಸ್ಟ್ಯಾಂಡಿನ ತಿರುಪು ಬಿಗಿಮಾಡುತ್ತಾರೆ. ಬಳಕೆಗೆ ಬರುವ ಪದ ಯಾವುದಾದರೂ ಇದೆಯೆ?

ಉತ್ತರ, ಕುಮಟಾದಿಂದ:

‘ಸುಪ್ತತೆ’ ಬಿಡಿ. ಮೈಯಲ್ಲಿ ಅಡಗಿ ಕುಳಿತ ಸೋಂಕಿಗೆ ಹೇಳುವ ಮಾತನ್ನು ಎತ್ತಿ ಇಲ್ಲಿ ಇಟ್ಟಿದ್ದಾರೆ. ಇಲ್ಲಿ ಯಾವುದೂ ಮಲಗಿಲ್ಲ, ಹೊರಟದ್ದು ತಲುಪಲು ಹಿಡಿದ ಹೊತ್ತು, ಅಷ್ಟೆ. ‘ತಡ’ ಸಾಕು. ‘ವಿಳಂಬ’ವೂ ಸರಿಯೇ, ಆದರೆ ಕಾರಣ ಕೇಳಿ ನೋಟಿಸ್ ಬಂದ ಹಾಗಿರುತ್ತದೆ. ಯಾವ ಪದ ಇಟ್ಟರೂ ಒಂದು ಬೇರ್ಪಡಿಕೆ ಬೇಕೇ ಬೇಕು: ‘ಒಮ್ಮುಖ ತಡ’ ಮತ್ತು ‘ಹೋಗಿಬರುವ ತಡ’. ಪಿಂಗ್ (ಎದುರಿನ ಯಂತ್ರಕ್ಕೆ ಸಣ್ಣ ಸಂದೇಶ ಕಳಿಸಿ ಮಾರುತ್ತರದ ಹೊತ್ತು ಅಳೆಯುವ ಆದೇಶ) ಕೊಟ್ಟರೆ ಕಾಣುವುದು ಎರಡನೆಯದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುವ 150 ಮಿಲಿಸೆಕೆಂಡು ಒಮ್ಮುಖದ ಲೆಕ್ಕ. ಅದರೊಳಗಿದ್ದರೆ ಮಾತುಕತೆ ಸಹಜ, 400 ದಾಟುವಂತೆ ಜಾಲವನ್ನು ಯೋಜಿಸಲೇ ಬಾರದು. ಪಿಂಗಿನಲ್ಲಿ 180 ಕಂಡು ಮಿತಿ ಮೀರಿತೆಂದು ದೂರುವವರು ಅರ್ಧ ಮಾಡಿ ನೋಡಬೇಕು.

ದೂರ ಹೆಚ್ಚು, ಅದಕ್ಕೇ ತಡ ಎಂಬ ನಂಬಿಕೆಯೂ ಇದೆ. ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತದೆ. ಕಾರವಾರದಿಂದ ಬೆಂಗಳೂರಿಗೆ ಐನೂರು ಚಿಲ್ಲರೆ ಕಿ.ಮೀ., ಎರಡರಷ್ಟು ಸುತ್ತಿಬಳಸಿ ಹೋದರೂ ಐದಾರು ಮಿಲಿಸೆಕೆಂಡು. ಉಳಿದ ತಡದಲ್ಲಿ ಹೆಚ್ಚಿನ ಪಾಲು ತುದಿಗಳದ್ದು: ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಹಿಡಿದರೆ ಒಂದಕ್ಕೇ 33 ಮಿಲಿಸೆಕೆಂಡು, ಆಮೇಲೆ ಸಂಕುಚಿಸುವುದು, ಸಾಲಿನಲ್ಲಿ ಕಾಯುವುದು, ಬಿಡಿಸುವುದು. ಉಪಗ್ರಹದ ಮಾತು ಬೇರೆ. ಭೂಸ್ಥಿರ ಕಕ್ಷೆ 35,786 ಕಿ.ಮೀ. ಎತ್ತರದಲ್ಲಿದೆ, ಹತ್ತಿ ಇಳಿಯುವುದಕ್ಕೇ ಕಾಲು ಸೆಕೆಂಡು. ಅದನ್ನು ಯಾವ ಸಾಫ್ಟ್‌ವೇರೂ ಕಡಿಮೆ ಮಾಡಲಾರದು.

ಜಿಟರ್ ಎಂದರೆ ತಡವಲ್ಲ, ತಡದ ಏರುಪೇರು. ದನಿಯ ಪೊಟ್ಟಣಗಳು (ಪ್ಯಾಕೆಟ್) 20 ಮಿಲಿಸೆಕೆಂಡಿಗೊಂದರಂತೆ ಹೊರಡುತ್ತವೆ ಎನ್ನಿ. ಬರುವಾಗ ನಡುವಿನ ಅಂತರ 20, 20, 45, 3, 12 ಆಗಿರುತ್ತದೆ. ಸರಾಸರಿ ಈಗಲೂ 20. ‘ನೆಟ್ ಸ್ಲೋ’ ಎಂದರೆ ಇದು ಸಿಕ್ಕುವುದಿಲ್ಲ, ಸ್ಪೀಡ್ ಟೆಸ್ಟಿನಲ್ಲಿ ದೊಡ್ಡ ಅಂಕಿ ಬಂದರೂ ಮಾತು ತುಂಡಾಗುವುದು ಇದರಿಂದಲೇ. ಜಾಲದಲ್ಲಿ ದನಿ, ಚಿತ್ರ ಸಾಗಿಸುವ ಆರ್‌ಟಿಪಿ ವಿಧಿಯಲ್ಲಿ ಇದರ ಲೆಕ್ಕವೂ ಹೀಗೇ: ಅಕ್ಕಪಕ್ಕದ ಎರಡು ಪೊಟ್ಟಣಗಳ ಪಯಣದ ಹೊತ್ತಿನ ವ್ಯತ್ಯಾಸ ತೆಗೆದು, ಹಳೆಯ ಮೌಲ್ಯಕ್ಕೂ ಅದಕ್ಕೂ ಇರುವ ಅಂತರದ 16ರಲ್ಲಿ ಒಂದು ಪಾಲನ್ನು ಹಳೆಯದಕ್ಕೆ ಸೇರಿಸುತ್ತಾರೆ. ಅಳೆಯುವುದು ವ್ಯತ್ಯಾಸವನ್ನು, ಆದ್ದರಿಂದ ‘ಏರುಪೇರು’ ಪದ ಅಳತೆಗೂ ಕೂಡಿಬರುತ್ತದೆ.

ಬಫರ್‌ಗೆ ನಮ್ಮ ಕಡೆಯ ಪದವೇ ಇದೆ: ತೊಟ್ಟಿ. ಗುಡ್ಡದ ಅಬ್ಬಿ ನೀರು ಒಮ್ಮೆ ಜೋರು, ಒಮ್ಮೆ ಸಣ್ಣ. ತೊಟ್ಟಿಗೆ ಬಿಟ್ಟುಕೊಂಡರೆ ನಲ್ಲಿಯಲ್ಲಿ ಒಂದೇ ಸಮ. ಜಿಟರ್ ಬಫರ್ ಮಾಡುವುದೂ ಅದನ್ನೇ. ತೊಟ್ಟಿ ದೊಡ್ಡದಾದಷ್ಟೂ ಮಾತು ನುಣುಪು, ಆದರೆ ತಡ ಹೆಚ್ಚು. ಚಿಕ್ಕದಾದರೆ ತಡ ಕಡಿಮೆ, ಆದರೆ ಮಾತು ತುಂಡಾಗುತ್ತದೆ. ಕೆಲವು ಹಳೆಯ ಉಪಕರಣಗಳಲ್ಲಿ ಇದನ್ನು ಕೈಯಿಂದ ಹೊಂದಿಸಬಹುದು, ಈಗಿನವು ತಾವೇ ಹಿಗ್ಗಿಸಿ ಕುಗ್ಗಿಸುತ್ತವೆ. ತೊಟ್ಟಿಯ ಪಾಳಿ ಮುಗಿದ ಮೇಲೆ ಬಂದ ಪೊಟ್ಟಣವನ್ನು ಬಿಸಾಡುತ್ತಾರೆ. ಜಾಲದಲ್ಲಿ ಕಳೆದುಹೋಗದೆಯೂ ಕೇಳುವವರ ಪಾಲಿಗೆ ಅದು ‘ಕಾಣೆ’. ಹಾಗಾಗಿ ಪ್ಯಾಕೆಟ್ ಲಾಸ್‌ಗೆ ‘ನಷ್ಟ’ಕ್ಕಿಂತ ‘ಕಾಣೆ’ ನನಗೆ ಹಿಡಿಸುತ್ತದೆ: ನೂರರಲ್ಲಿ ಎರಡು ಕಾಣೆ. ಲೆಕ್ಕಪತ್ರದ ಸಂಘದಲ್ಲಿ ‘ನಷ್ಟ ಶೇಕಡಾ 2’ ಎಂದು ಬರೆದರೆ ಅಧ್ಯಕ್ಷರು ಬೇರೆ ಪ್ರಶ್ನೆ ಕೇಳಿಯಾರು.

ಬ್ಯಾಂಡ್‌ವಿಡ್ತ್ ಹಾಗೆಯೇ ಇರಲಿ. ‘ಪಟ್ಟಿಯಗಲ’ ರೇಡಿಯೊದವರ ಹರ್ಟ್ಸ್ ಲೆಕ್ಕ, ಇಲ್ಲಿಯದು ಬಿಟ್ ಲೆಕ್ಕ. ಕೈಪಿಡಿಯಲ್ಲಿ ಒಂದು ಉದಾಹರಣೆ ಕೊಡಿ: ದನಿಯನ್ನು ಅಂಕಿಗಳಾಗಿಸುವ ಜಿ.711 ಮಾನಕದಲ್ಲಿ ಸೆಕೆಂಡಿಗೆ 8000 ಮಾದರಿ, ಒಂದೊಂದು 8 ಬಿಟ್, ಒಟ್ಟು 64 ಕಿಲೋಬಿಟ್. ಆದರೆ 160 ಬೈಟಿನ ಪ್ರತಿ ಪೊಟ್ಟಣದ ಮೇಲೆ 40 ಬೈಟಿನ ವಿಳಾಸ ಚೀಟಿಗಳು ಅಂಟುವುದರಿಂದ ಜಾಲದಲ್ಲಿ ಹಿಡಿಯುವುದು 80 ಕಿಲೋಬಿಟ್.

ಗೇಟ್‌ವೇ, ಗೇಟ್‌ಕೀಪರ್ ಎರಡೂ ವಿಡಿಯೊ ಕರೆಗೆ ಸಂಬಂಧಿಸಿದ 1996ರ ಎಚ್.323 ಮಾನಕದ ಪದಗಳು, ಕೆಲಸಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಗೇಟ್‌ವೇ ತದಡಿಯ ತಾರಿಯ ಹಾಗೆ: ರಸ್ತೆ ಮುಗಿದಲ್ಲಿ ಬಸ್ಸಿಳಿದು ದೋಣಿ ಹತ್ತಿ ಅಘನಾಶಿನಿಗೆ ಹೋಗುತ್ತೀರಿ, ಪ್ರಯಾಣಿಕ ಅದೇ, ವಾಹನ ಬೇರೆ. ದೂರವಾಣಿ ಜಾಲದ ಕರೆಯನ್ನು ಐಪಿ ಜಾಲಕ್ಕೆ (ಇಂಟರ್‌ನೆಟ್ ಬಗೆಯ ಜಾಲಕ್ಕೆ) ದಾಟಿಸುವುದು ಅದು. ಗೇಟ್‌ಕೀಪರ್ ಬಾಗಿಲು ಕಾಯುವುದೇ ಇಲ್ಲ. ಯಾರ ವಿಳಾಸ ಎಲ್ಲಿ ಎಂದು ಹೇಳುವುದು, ಕರೆಗೆ ಅನುಮತಿ ಕೊಡುವುದು, ಎಷ್ಟು ಬ್ಯಾಂಡ್‌ವಿಡ್ತ್ ಎಂದು ಗೊತ್ತುಮಾಡುವುದು ಅದರ ಕೆಲಸ. ಬಸ್ ನಿಲ್ದಾಣದ ‘ಸಂಚಾರ ನಿಯಂತ್ರಕ’ರ ಕೆಲಸವದು, ಅದೇ ಪದ ಇಡಬಹುದು.

ಉತ್ತರ, ಕಾರವಾರದಿಂದ:

ತೊಟ್ಟಿ, ತಡ, ಏರುಪೇರು ಒಪ್ಪಿಗೆ. ಆದರೆ ಪರದೆಯ ಮೇಲೆ ‘ಜಿಟರ್’ ಎಂದೇ ಕಾಣುವುದರಿಂದ, ಕೈಪಿಡಿಯ ಮೊದಲ ಬಳಕೆಯಲ್ಲಿ ಎರಡನ್ನೂ ಜೊತೆಗೆ ಬರೆಯಿರಿ.

‘ಪ್ರತಿಧ್ವನಿ’ಯನ್ನು ಯಾರೂ ಕೇಳಲಿಲ್ಲ, ಎಲ್ಲಕ್ಕಿಂತ ಹೆಚ್ಚು ಜಗಳ ಅದರದ್ದು. ನಿಮ್ಮ ಮಾತು ನಿಮಗೇ ತಿರುಗಿ ಕೇಳಿದರೆ ದೋಷ ಎದುರಿನ ಕೋಣೆಯದ್ದು. ಅಲ್ಲಿಯ ಸ್ಪೀಕರಿನ ದನಿ ಅಲ್ಲಿಯ ಮೈಕಿಗೆ ಹೋಗುತ್ತಿದೆ. ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪಿನ ಧ್ವನಿ ತೆರೆದಿದ್ದರೆ, ಪ್ರತಿಧ್ವನಿ ಅಳಿಸುವ ವ್ಯವಸ್ಥೆ ಸೋಲುತ್ತದೆ: ಅದಕ್ಕೆ ತನ್ನ ಸ್ಪೀಕರಿಗೆ ಕಳಿಸಿದ ದನಿ ಮಾತ್ರ ಗೊತ್ತು, ಪಕ್ಕದ ಯಂತ್ರದ್ದು ಗೊತ್ತಿಲ್ಲ. ಕುಂಯ್ ಎಂದು ಏರುತ್ತ ಹೋಗುವ ಸದ್ದು ಬೇರೆ, ಅದಕ್ಕೆ ‘ಕೂಗು’ ಎನ್ನಿ. ಎರಡಕ್ಕೂ ಒಂದೇ ಪದ ಬೇಡ.

‘ನಾಯ್ಸ್ ಸಪ್ರೆಶನ್’ಗೆ ‘ಗದ್ದಲ ನಿವಾರಣೆ’ ಎಂದರೆ ಒಂದು ಎಚ್ಚರಿಕೆಯೂ ಇರಲಿ. ಅದು ಮಾತಲ್ಲದ್ದನ್ನೆಲ್ಲ ಗದ್ದಲವೆಂದು ಎಣಿಸುತ್ತದೆ. ತಾಳಮದ್ದಳೆ ಹಾಕಿದರೆ ಒಂದೇ ಸಮ ಮೊರೆಯುವ ಶ್ರುತಿ ಅಳಿಸಿಹೋಗುತ್ತದೆ, ಚಂಡೆಯ ಪೆಟ್ಟಿನ ಮೊನೆ ಮುರಿಯುತ್ತದೆ. ಗದ್ದಲ ನಿವಾರಣೆಯನ್ನು ಬಂದ್ ಮಾಡಿಯೇ ಕೂರಬೇಕು. ಆಗಲೂ ಭಾಗವತರು ಒಂದೂರಲ್ಲಿ, ಮದ್ದಳೆ ಇನ್ನೊಂದೂರಲ್ಲಿ ಕೂಡುವುದಿಲ್ಲ. ಕೂಡಿ ನುಡಿಸಲು ಒಮ್ಮುಖ ತಡ ಸುಮಾರು 25–30 ಮಿಲಿಸೆಕೆಂಡಿನೊಳಗೆ ಇರಬೇಕು, ಸಾಮಾನ್ಯ ವಿಡಿಯೊ ಕರೆಯಲ್ಲಿ ಅದು ಸಿಗುವುದಿಲ್ಲ. ಹಿಮ್ಮೇಳ ಒಂದೇ ಕಡೆ ಇದ್ದು, ಅರ್ಥಧಾರಿಗಳು ಬೇರೆ ಬೇರೆ ಕಡೆ ಕೂತರೆ ನಡೆಯುತ್ತದೆ.

‘ಮ್ಯೂಟ್ ಮಾಡಿ’ ಎಂದಷ್ಟೇ ಬರೆದರೆ ಅರ್ಧ ಜನ ಮೈಕು, ಅರ್ಧ ಜನ ಸ್ಪೀಕರು ಬಂದ್ ಮಾಡುತ್ತಾರೆ. ‘ಮೈಕ್ ಮುಚ್ಚಿ’ ಎಂದೇ ಬರೆಯಿರಿ.