ಪದಚರ್ಚೆ: ‘ಬುಲ್ಲಿಯಿಂಗ್’ಗೆ ‘ಕಾಟ’ ಅಂದರೆ ಸಾಕಾ? ‘ಮಿಸ್‌ಇನ್ಫರ್ಮೇಶನ್’ಗೆ ಏನು?

ಎಲ್ಲರಿಗೂ ನಮಸ್ಕಾರ.

ಸುಳ್ಳು ಸುದ್ದಿ, ಎಐ ವಿಡಿಯೊ, ಆನ್‌ಲೈನ್ ಬುಲ್ಲಿಯಿಂಗ್ ವಿರುದ್ಧ ಆಸಿಯಾನ್ (ಆಗ್ನೇಯ ಏಷ್ಯಾದ ಒಕ್ಕೂಟ) ದೇಶಗಳು ಹೇಗೆ ಒಟ್ಟಾಗಿ ಕೆಲಸ ಮಾಡುತ್ತಿವೆ ಅನ್ನೋದರ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್ ಕಡೆಯ ಹೈಸ್ಕೂಲ್ ಮಕ್ಕಳು, ಅವರ ಅಪ್ಪ ಅಮ್ಮ. ಕೆಲವು ಕಡೆ ಸರಿಯಾದ ಪದ ಸಿಗುತ್ತಿಲ್ಲ.

ಮೊದಲು ‘ಪ್ರಾದೇಶಿಕ ಸಹಕಾರ’. ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ ಸಾರ್ಕ್ ಹುಟ್ಟಿದಾಗಿನಿಂದ ಪತ್ರಿಕೆಗಳಲ್ಲಿ ಓದುತ್ತಾ ಬಂದ ಪದ. 1986ರಲ್ಲಿ ಅದರ ಎರಡನೇ ಶೃಂಗಸಭೆ ಬೆಂಗಳೂರಿನಲ್ಲೇ ನಡೆದಿತ್ತು. ಆದರೆ ಕೋಲಾರದ ಹಳ್ಳಿಯಲ್ಲಿ ಸಹಕಾರ ಅಂದರೆ ಹಾಲಿನ ಡೈರಿ, ಸೊಸೈಟಿ. ಪ್ರಾದೇಶಿಕ ಅಂದರೆ ಪಕ್ಷ. ‘ನೆರೆ ದೇಶಗಳು ಕೈಜೋಡಿಸಿ’ ಅಂತ ಬರೆದುಬಿಟ್ಟರೆ ಸಾಕು ಅನ್ನಿಸುತ್ತೆ. ಆಕ್ಷೇಪ ಇದ್ದರೆ ಹೇಳಿ.

‘ಎಐ ಚಾಲಿತ’ ಕೂಡ ನನಗೆ ಬೇಡ. ಬಸ್ಸನ್ನು ಡ್ರೈವರ್ ಓಡಿಸುತ್ತಾನೆ, ಸುಳ್ಳನ್ನು ಎಐ ಓಡಿಸೋದಿಲ್ಲ. ಯಾರೋ ಒಬ್ಬರು ಕೂತು ಮಾಡಿರುತ್ತಾರೆ. ‘ಎಐ ಬಳಸಿ ಮಾಡಿದ’ ಅಂದರೆ ಮಾಡಿದವರು ಇದ್ದಾರೆ ಅನ್ನೋದು ಉಳಿಯುತ್ತೆ. 2023ರ ನವೆಂಬರ್‌ನಲ್ಲಿ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದ ವಿಡಿಯೊ ಹರಿದಾಡಿತಲ್ಲ, ಅದರ ಹಿಂದೆಯೂ ಮನುಷ್ಯರೇ ಇದ್ದದ್ದು.

ಈಗ ಕಷ್ಟದ್ದು. ಯುರೋಪ್ ಕೌನ್ಸಿಲ್‌ಗಾಗಿ ಕ್ಲೇರ್ ವಾರ್ಡಲ್, ಹುಸೇನ್ ದೆರಕ್ಷಾನ್ 2017ರಲ್ಲಿ ಬರೆದ ವರದಿ ಇಂಥ ಸುಳ್ಳು, ಕೆಡುಕಿನ ಮಾಹಿತಿಯನ್ನು ಮೂರು ಬಗೆ ಮಾಡುತ್ತೆ. ಗೊತ್ತಿಲ್ಲದೆ ಹಂಚಿದ ಸುಳ್ಳು ಮಿಸ್‌ಇನ್ಫರ್ಮೇಶನ್. ಗೊತ್ತಿದ್ದೂ ಹಂಚಿದ ಸುಳ್ಳು ಡಿಸ್‌ಇನ್ಫರ್ಮೇಶನ್. ನಿಜವೇ ಆದರೂ ಕೆಡುಕು ಮಾಡೋಕೆ ಹಂಚಿದ್ದು ಮಾಲ್‌ಇನ್ಫರ್ಮೇಶನ್. ನಾವು ಎಲ್ಲಕ್ಕೂ ‘ಸುಳ್ಳು ಸುದ್ದಿ’ ಅಂದುಬಿಡುತ್ತೇವೆ. 2018ರ ಮಕ್ಕಳ ಕಳ್ಳರ ವಿಡಿಯೊ ನೆನಪಿಸಿಕೊಳ್ಳಿ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ, ಕೊನೆಯಲ್ಲಿ ಮಗುವನ್ನು ವಾಪಸ್ ಬಿಟ್ಟು ಬೋರ್ಡ್ ಹಿಡಿದು ತೋರಿಸುತ್ತಾರೆ, ಯಾರೋ ಆ ಭಾಗವನ್ನೇ ಕತ್ತರಿಸಿ ಹಾಕಿದರು, ಅದು ಗಡಿ ದಾಟಿ ಬಂದು ನಮ್ಮ ಅಮ್ಮಂದಿರು ಭಯಬಿದ್ದು ಒಬ್ಬರಿಗೊಬ್ಬರು ಕಳಿಸಿಕೊಂಡರು. ಆ ವರ್ಷ ಮಕ್ಕಳ ಕಳ್ಳರೆಂಬ ಗುಮಾನಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರ ಜೀವ ಹೋಯಿತು. ಅದೇ ವರ್ಷದ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಕಡೆಗಷ್ಟೇ ಫಾರ್ವರ್ಡ್ ಅಂತ ಮಿತಿ ಹಾಕಿತು.

ಕತ್ತರಿಸಿದವರಿಗೂ ಭಯಬಿದ್ದು ಕಳಿಸಿದ ತಾಯಿಗೂ ಒಂದೇ ಪದ ಹೇಗೆ ಹಾಕೋದು? ‘ನೀವು ಸುಳ್ಳು ಸುದ್ದಿ ಹರಡಿದಿರಿ’ ಅಂದ ತಕ್ಷಣ ಆ ತಾಯಿ ನಮ್ಮ ಮಾತು ಕೇಳೋದನ್ನೇ ಬಿಡುತ್ತಾರೆ.

ಗೊತ್ತಿಲ್ಲದೆ ಹಬ್ಬಿದ್ದಕ್ಕೆ ‘ವದಂತಿ’ ಅಥವಾ ‘ಪುಕಾರು’ ಇಟ್ಟುಕೊಳ್ಳೋಣ ಅನ್ನೋದು ನನ್ನ ಯೋಚನೆ. ನಮ್ಮ ಕಡೆ ಇನ್ನೊಂದು ಅನುಕೂಲ ಇದೆ. ವದಂತಿ ತಮಿಳಿನಲ್ಲೂ ತೆಲುಗಿನಲ್ಲೂ ಇದೆ, ಪುಕಾರು ತೆಲುಗಿನಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಅನ್ನೋ ಮಕ್ಕಳೇ ಇಲ್ಲಿ ಜಾಸ್ತಿ. ಬೇಕೆಂದೇ ಮಾಡಿದ್ದಕ್ಕೆ ‘ಕಟ್ಟಿದ ಸುಳ್ಳು’ ಹೇಗೆ? ಕಥೆ ಕಟ್ಟೋದು ಅಂತೀವಲ್ಲ, ಹಾಗೆ. ಮೂರನೆಯದಕ್ಕೆ ‘ಚಾಡಿ’ ಹತ್ತಿರ ಬರುತ್ತೆ, ಆದರೆ ಚಾಡಿ ಒಬ್ಬರ ಕಿವಿಗೆ ಹೇಳೋದು. ಗೆಳತಿ ನಂಬಿ ಕಳಿಸಿದ ಫೋಟೊವನ್ನು ಇಡೀ ಕ್ಲಾಸಿನ ಗ್ರೂಪಿಗೆ ಹಾಕೋದು ಅದಕ್ಕಿಂತ ದೊಡ್ಡದು. ‘ಗುಟ್ಟು ರಟ್ಟು ಮಾಡೋದು’ ಅನ್ನಬಹುದು, ಆದರೆ ಅದರಲ್ಲಿ ನೋವಿನ ಸುಳಿವೇ ಇಲ್ಲ.

ಇನ್ನು ಬುಲ್ಲಿಯಿಂಗ್. ನನಗೆ ಹೆಚ್ಚು ಮುಖ್ಯ ಇದೇ. ಇದರ ಬಗ್ಗೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಇದನ್ನು ಗುರುತಿಸೋಕೆ ಮೂರು ಗುಣ ಹೇಳಿದ್ದರು: ಬೇಕೆಂದೇ ಮಾಡೋದು, ಮತ್ತೆ ಮತ್ತೆ ಮಾಡೋದು, ಎದುರಿನವರಿಗಿಂತ ಬಲ ಜಾಸ್ತಿ ಇರೋದು. ಪೋಷಕರ ಸಭೆಯಲ್ಲಿ ಒಬ್ಬ ತಾಯಿ, ‘ಸುಮ್ನೆ ರೇಗಿಸ್ತಾರೆ, ತಲೆ ಕೆಡಿಸ್ಕೋಬೇಡ ಅಂದಿದೀನಿ’ ಅಂದರು. ಮಗಳು ಪಕ್ಕದಲ್ಲೇ ನಿಂತಿದ್ದಳು, ದಾವಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ. ಅವಳ ಮುಖ ಎಡಿಟ್ ಮಾಡಿ ಸ್ಟಿಕರ್ ಮಾಡಿಕೊಂಡು ದಿನಾ ಗ್ರೂಪಿನಲ್ಲಿ ಹಾಕುತ್ತಿದ್ದರು. ಅದು ರೇಗಿಸೋದಲ್ಲ. ರೇಗಿಸೋದರಲ್ಲಿ ಸಲಿಗೆ ಇರುತ್ತೆ, ತಿರುಗಿ ರೇಗಿಸೋ ಅವಕಾಶವೂ ಇರುತ್ತೆ.

‘ಕಿರುಕುಳ’ ನಿಘಂಟಿಗೆ ಸರಿ. ಆದರೆ ಪತ್ರಿಕೆ ಓದೋ ಮಗುವಿಗೆ ಅದು ವರದಕ್ಷಿಣೆ, ಲೈಂಗಿಕ ಅನ್ನೋ ಪದಗಳ ಜೊತೆ ಬರೋ ಪೊಲೀಸ್ ಠಾಣೆಯ ಪದ, ‘ನನ್ನದು ಅಷ್ಟು ದೊಡ್ಡದಲ್ಲ ಬಿಡು’ ಅಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತೆ. ‘ಗೋಳುಹೊಯ್ದುಕೊಳ್ಳೋದು’ ಬಹಳ ಚೆಂದ, ಮತ್ತೆ ಮತ್ತೆ ಅನ್ನೋದೂ ಬರುತ್ತೆ, ಆದರೆ ಅಕ್ಕ ತಮ್ಮನ ತುಂಟಾಟಕ್ಕೂ ಅದನ್ನೇ ಅಂತೀವಿ. ‘ರ‍್ಯಾಗಿಂಗ್’ ಅಂದರೆ ಕಾಲೇಜು, ಸೀನಿಯರ್‌ಗಳು.

ಅದಕ್ಕೇ ‘ಕಾಟ’. ಕಾಟ ಒಂದು ದಿನದ್ದಲ್ಲ. ಕೊಡುವವರದ್ದು ತಪ್ಪು, ಪಡುವವರದ್ದಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ ಮಗು ‘ಕಾಟ ಕೊಡ್ತಿದಾರೆ’ ಅಂದರೆ ಆ ಕಡೆಯವರಿಗೆ ಬೇರೆ ವಿವರಣೆ ಬೇಕಿಲ್ಲ. ‘ಆನ್‌ಲೈನ್ ಕಾಟ’ ಅಂತ ಬರೆಯಲು ನಾನು ತಯಾರಿದ್ದೇನೆ. ತೀರಾ ಹಗುರ ಆಯಿತು ಅನ್ನಿಸುವವರು ಇದ್ದರೆ ಕಾರಣ ಬರೆಯಿರಿ. ದಕ್ಷಿಣ ಕನ್ನಡ, ಧಾರವಾಡದ ಕಡೆ ಬೇರೆ ಮಾತು ಇದ್ದರೆ ಅದೂ ಬೇಕು.

ಕೊನೆಗೆ ಒಂದು, ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಆ ಗ್ರೂಪಿನಲ್ಲಿ ಸ್ಟಿಕರ್ ನೋಡಿ, ನಗದೆ, ಬೇಡ ಅಂತಲೂ ಹೇಳದೆ ಸುಮ್ಮನಿದ್ದ ಉಳಿದ ಮಕ್ಕಳನ್ನು ಏನಂತ ಕರೆಯೋಣ? ‘ಮೂಕಪ್ರೇಕ್ಷಕರು’ ಅಂದರೆ ಬೈದಂತೆ ಆಗುತ್ತೆ, ಕೈಪಿಡಿಯ ಅರ್ಧ ಭಾಗ ಅವರನ್ನು ಜೊತೆಗೆ ಕರೆದುಕೊಳ್ಳೋಕೇ ಇರೋದು.