ಪದಚರ್ಚೆ: ಹೊಟ್ಟು, ಕಿಣ್ವನ, ಹುಳಿ – ತೌಡಿನ ಇಂಧನದ ಕೈಪಿಡಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಕೊಡಗಿನ ಅಕ್ಕಿ ಗಿರಣಿಯವರಿಗೂ ಬೆಳೆಗಾರರಿಗೂ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಗಿರಣಿಯಲ್ಲಿ ಉಳಿಯುವ ತೌಡು, ನುಚ್ಚುಗಳಿಂದ ಬ್ಯಾಕ್ಟೀರಿಯಾ ಮೂಲಕ ಬ್ಯುಟನಾಲ್ ಇಂಧನ ತಯಾರಿಸುವ ವಿಧಾನ ಅದರ ವಿಷಯ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಇಲ್ಲಿ ಪದ ತಪ್ಪಿದರೆ ಹುದುಗಿಸುವ ತೊಟ್ಟಿಯೂ ಕೆಡುತ್ತದೆ.

ಮೊದಲನೆಯದು ‘ಹೊಟ್ಟು’. ಗೋಧಿ ಹೊಟ್ಟು ಎಂದರೆ ಕಾಳಿಗೆ ಅಂಟಿಕೊಂಡಿರುವ ಪದರದ ಪುಡಿ. ಭತ್ತದ ಹೊಟ್ಟು ಎಂದರೆ ಮೇಲಿನ ಗಡಸು ಸಿಪ್ಪೆ, ಅಂದರೆ ಉಮಿ. ಹೀಗಾಗಿ ‘ಅಕ್ಕಿ ಹೊಟ್ಟು’ ಎಂದು ಬರೆದರೆ ಓದುವವರು ಯಾವುದನ್ನು ತೂಗಬೇಕು? ಭತ್ತದ ತೂಕದಲ್ಲಿ ಸುಮಾರು 20% ಉಮಿ. ಅದರಲ್ಲಿ ಸಿಲಿಕಾ, ಲಿಗ್ನಿನ್ ಹೆಚ್ಚು. ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ದಕ್ಕುವುದು ಏನೂ ಇಲ್ಲ, ಬಾಯ್ಲರಿಗೇ ಅದು ಸರಿ. ತೌಡು ಸುಮಾರು 8%, ಅದರಲ್ಲಿ ಪಿಷ್ಟವೂ ಪ್ರೋಟೀನೂ ಇವೆ. ಉಮಿಯನ್ನೂ ತೌಡನ್ನೂ ಒಂದೇ ಸಲಕ್ಕೆ ತೆಗೆಯುವ ಹಳೆಯ ಹಲ್ಲರ್ ಗಿರಣಿಯಲ್ಲಿ ಎರಡೂ ಬೆರೆತೇ ಬರುತ್ತವೆ. 100 ಲೀಟರ್ ನೀರಿಗೆ 10 ಕಿಲೋ ತೌಡು ಎಂಬ ಅಳತೆಗೆ ಆ ಬೆರಕೆಯನ್ನು ಹಾಕಿದರೆ ಬಹುಪಾಲು ಉಮಿಯೇ ಬಿದ್ದಿರುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ‘ಹೊಟ್ಟು’ ಬೇಡವೇ ಬೇಡ. ಉಮಿ, ತೌಡು ಎಂದು ಬಿಡಿಸಿಯೇ ಬರೆಯೋಣ. ಮಳೆಗಾಲದಲ್ಲಿ ತೌಡು ಬೇಗ ಕಮಟಾಗುವುದಕ್ಕೆ ಅದರ ಎಣ್ಣೆಯನ್ನು ಒಡೆಯುವ ಕಿಣ್ವವೇ (ಎನ್‌ಜೈಮ್) ಕಾರಣ. ಎಣ್ಣೆ ತೆಗೆದ ತೌಡು ಸಿಕ್ಕರೆ ಒಳ್ಳೆಯದು.

ಇನ್ನು ‘ಕಿಣ್ವನ’. ಪಠ್ಯಪುಸ್ತಕಗಳಲ್ಲಿ ಹುದುಗುವಿಕೆಗೆ ಈ ಪದವೂ ಇದೆ. ಆದರೆ ಇಲ್ಲಿ ಕಿಣ್ವ ಹಾಕುವ ಹಂತವೇ ಬೇರೆ. ತೌಡಿನ ನಾರನ್ನು ಸಕ್ಕರೆಯಾಗಿಸಲು ಅದನ್ನು 1% ಗಂಧಕಾಮ್ಲದಲ್ಲಿ 121 ಡಿಗ್ರಿಯಲ್ಲಿ ಬೇಯಿಸಿ, ಸುಣ್ಣದಿಂದ ಆಮ್ಲ ತಗ್ಗಿಸಿ, ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇಳಿಯುತ್ತದೆ) 5ರ ಹತ್ತಿರಕ್ಕೆ ತಂದು, 50 ಡಿಗ್ರಿಯಲ್ಲಿ ಸೆಲ್ಯುಲೇಸ್ ಕಿಣ್ವ ಬಿಡುತ್ತಾರೆ. ಬೇಯಿಸುವಾಗ ಬಿಸಿ ಮಿತಿಮೀರಿದರೆ ಫರ್ಫ್ಯುರಾಲ್ ಎಂಬ ರಾಸಾಯನಿಕ ಹುಟ್ಟಿ ಮುಂದೆ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಕಿಣ್ವದ ಕೆಲಸ ಮುಗಿದ ಮೇಲೆ ಪಿಎಚ್ ಅನ್ನು 6.5ಕ್ಕೆ ಏರಿಸಿ, 37 ಡಿಗ್ರಿಗೆ ಆರಿಸಿ, ಗಾಳಿ ಹೊರದೂಡಿ, ಕ್ಲಾಸ್ಟ್ರಿಡಿಯಂ ಅಸಿಟೋಬ್ಯುಟಿಲಿಕಂ ಎಂಬ ಬ್ಯಾಕ್ಟೀರಿಯಾ ಸೇರಿಸಬೇಕು. ಎರಡೂ ಹಂತಕ್ಕೆ ಕಿಣ್ವದ ಹೆಸರನ್ನೇ ಇಟ್ಟರೆ 50 ಡಿಗ್ರಿಯಲ್ಲೇ ಬ್ಯಾಕ್ಟೀರಿಯಾ ಬಿಡುವವರು ಇದ್ದೇ ಇರುತ್ತಾರೆ. ‘ಹುದುಗಿಸುವುದು’ ಸಾಕು, ಎಲ್ಲರಿಗೂ ಗೊತ್ತಿರುವ ಪದ. ಗಾಳಿ ಸೋಕಬಾರದು ಎಂಬುದನ್ನು ಮಾತ್ರ ಪ್ರತಿ ಸಲ ಬಿಡಿಸಿ ಹೇಳಬೇಕು. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಆಗದು. ಮಡಿಕೇರಿಯ ಚಳಿಗಾಲದ ರಾತ್ರಿಗಳಲ್ಲಿ 37 ಡಿಗ್ರಿ ಕಾಯ್ದುಕೊಳ್ಳಲು ತೊಟ್ಟಿಗೆ ಬಿಸಿನೀರಿನ ಹೊದಿಕೆ ಬೇಕು ಎಂಬುದನ್ನೂ ಅಲ್ಲೇ ಸೇರಿಸಬಹುದು.

ನಿಜವಾಗಿ ತೊಡಕಿರುವುದು ಮೂರನೆಯದರಲ್ಲಿ: ಹುಳಿ ಹೆಚ್ಚಿ ಹುದುಗು ನಡುವೆಯೇ ನಿಂತರೆ ಅದಕ್ಕೆ ಏನೆನ್ನಬೇಕು? ಹುದುಗು ಎರಡು ಘಟ್ಟಗಳಲ್ಲಿ ನಡೆಯುತ್ತದೆ. ಮೊದಲು ಅಸಿಟಿಕ್, ಬ್ಯುಟಿರಿಕ್ ಆಮ್ಲಗಳು ಹುಟ್ಟಿ ಪಿಎಚ್ ಇಳಿಯುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಅದೇ ಆಮ್ಲಗಳನ್ನು ಒಳಗೆಳೆದುಕೊಂಡು ಅಸಿಟೋನ್, ಬ್ಯುಟನಾಲ್, ಎಥನಾಲ್‌ಗಳನ್ನು ಸುಮಾರು 3:6:1ರ ಪ್ರಮಾಣದಲ್ಲಿ ಕೊಡುತ್ತದೆ. ಪಿಎಚ್ ಸ್ವಲ್ಪ ಮೇಲೇರುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ರಸಾಯನ ವಿಜ್ಞಾನಿ ಖೈಮ್ ವೈಜ್‌ಮನ್ ಮೆಕ್ಕೆಜೋಳದಿಂದ ಅಸಿಟೋನ್ ತೆಗೆಸಿದ್ದು ಈ ದಾರಿಯಲ್ಲೇ. ಆದರೆ ಆಮ್ಲ ತೀರಾ ವೇಗವಾಗಿ ಕೂಡಿದರೆ ಎರಡನೆಯ ಘಟ್ಟಕ್ಕೆ ತಿರುವು ಬರುವುದೇ ಇಲ್ಲ. ಪಿಎಚ್ 4.5ಕ್ಕಿಂತ ಕೆಳಗಿಳಿದು ಅಲ್ಲೇ ಕೂರುತ್ತದೆ, ಗುಳ್ಳೆ ನಿಲ್ಲುತ್ತದೆ, ಕಮಟು ಬೆಣ್ಣೆಯ ವಾಸನೆ ಏರುತ್ತದೆ, ಸಕ್ಕರೆ ಹಾಗೇ ಉಳಿಯುತ್ತದೆ. ಮೊದಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿದ್ದರೆ ಇದು ಎಷ್ಟೋ ತಪ್ಪುತ್ತದೆ.

ಇದಕ್ಕೆ ‘ಆಮ್ಲಕುಸಿತ’ ಎಂದು ಒಂದು ಕರಡಿನಲ್ಲಿದೆ. ಅದನ್ನು ಓದಿದವರಿಗೆ ಆಮ್ಲ ಕಡಿಮೆಯಾಯಿತು ಎಂದೇ ಅನಿಸುತ್ತದೆ, ಆಗಿರುವುದು ತದ್ವಿರುದ್ಧ. ‘ಹುಳಿಯೇರಿ ನಿಲ್ಲುವುದು’ ಎಂದರೆ ಉದ್ದವಾದರೂ ಕಾರಣ, ಫಲ ಎರಡೂ ಅದರಲ್ಲಿವೆ. ಚೆನ್ನಾಗಿ ನಡೆದ ತೊಟ್ಟಿಯೂ ಲೀಟರಿಗೆ 12–13 ಗ್ರಾಂ ಬ್ಯುಟನಾಲ್ ಆದಾಗ ನಿಲ್ಲುತ್ತದೆ, ಏಕೆಂದರೆ ಬ್ಯುಟನಾಲ್ ಆ ಬ್ಯಾಕ್ಟೀರಿಯಾಕ್ಕೇ ವಿಷ. ಎರಡು ಬಗೆಯ ನಿಲುಗಡೆಗೂ ಬೇರೆ ಬೇರೆ ಹೆಸರು ಇರಲೇಬೇಕು. ಎರಡನೆಯದಕ್ಕೆ ‘ತುಂಬಿ ನಿಲ್ಲುವುದು’ ಆಗಬಹುದೇ?

ಇನ್ನೊಂದು ಕೋರಿಕೆ: ಹಲ್ಲರಿನಿಂದ ಬರುವ ಉಮಿ-ತೌಡಿನ ಬೆರಕೆಗೆ ಸೋಮವಾರಪೇಟೆ, ಶನಿವಾರಸಂತೆ ಕಡೆಯ ಗಿರಣಿಗಳಲ್ಲಿ ಏನೆನ್ನುತ್ತಾರೆ? ವಿರಾಜಪೇಟೆ, ಪೊನ್ನಂಪೇಟೆ ಕಡೆ ಕೊಡವ ತಕ್ಕಿನಲ್ಲಿ ಬೇರೆ ಪದವಿದ್ದರೆ ಅದನ್ನೂ ತಿಳಿಸಿ.